ರಣಬಿಸಿಲಿನಲ್ಲಿ ಮನೆ ತಂಪಾಗಿರಲಿ, ಜೀವ ಸುರಕ್ಷಿತವಾಗಿರಲಿ: ಬಯಲುಸೀಮೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

"ನಮಗೇನು ಬಿಸಿಲು ಹೊಸದಾ?" ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರದ ಕಡೆ ಬೇಸಿಗೆಯ ಸುದ್ದಿ ಬಂದಾಗ ಎಲ್ಲರೂ ಹೇಳುವ ಮಾತು ಇದು. ಇದರಲ್ಲಿ ಅರ್ಧ ನಿಜ ಇದೆ. ನಮ್ಮ ಮೈಗೆ ಬಿಸಿಲಿನ ರೂಢಿ ಇದೆ. ಮಜ್ಜಿಗೆ, ಅಂಬಲಿ, ತಲೆಗೆ ರುಮಾಲು ಎಲ್ಲವೂ ಹಿರಿಯರಿಂದ ಬಂದಿವೆ. ಆದರೆ ಆ ಹಿರಿಯರು ಇದ್ದದ್ದು ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ. ನಾವಿರುವುದು ಆರ್‌ಸಿಸಿ ಮನೆಯಲ್ಲಿ, ಇಲ್ಲವೇ ಪತ್ರಾಸಿನ, ಅಂದರೆ ತಗಡಿನ ಶೀಟಿನ ಕೆಳಗೆ. ರೂಢಿ ಅದೇ ಉಳಿದಿದೆ, ಮನೆ ಮಾತ್ರ ಬದಲಾಗಿದೆ. ಅದಕ್ಕೇ ಈಗ ಬರೀ ರೂಢಿಯನ್ನು ನಂಬಿ ಕೂರುವಂತಿಲ್ಲ.

ಮೊದಲು ಒಂದು ವಿಷಯ ತಿಳಿದುಕೊಂಡರೆ ಮುಂದಿನದ್ದೆಲ್ಲ ಸುಲಭ. ನಮ್ಮ ಮೈ 37 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಹೊರಗಿನ ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಬಿಸಿ ತಾನಾಗಿಯೇ ಹೊರಗೆ ಹೋಗುತ್ತದೆ. ಗಾಳಿ 40 ದಾಟಿದಾಗ ಉಲ್ಟಾ ಆಗುತ್ತದೆ, ಗಾಳಿಯೇ ಮೈಗೆ ಬಿಸಿ ಕೊಡುತ್ತದೆ. ಆಗ ಉಳಿಯುವ ದಾರಿ ಒಂದೇ: ಬೆವರು ಬಂದು ಆರಬೇಕು. ಬೆವರಲು ನೀರು, ಉಪ್ಪು ಬೇಕು. ಆರಲು ಗಾಳಿ ಆಡಬೇಕು. ಮನೆಯೊಳಗೆ ಹೊಸ ಬಿಸಿ ನುಗ್ಗಬಾರದು. ಕೆಳಗೆ ಹೇಳುವುದೆಲ್ಲ ಈ ಮೂರಕ್ಕೇ ಸಂಬಂಧಿಸಿದ್ದು.

ಬೇರೆ ಏನು ಓದದಿದ್ದರೂ ಪರವಾಗಿಲ್ಲ, ಮುಂದಿನ ಭಾಗವನ್ನಂತೂ ಓದಿ. ಮನೆಯವರಿಗೂ ಓದಿ ಹೇಳಿ.

ಬಿಸಿಲು ಬಡಿದಾಗ ಮಾಡಬೇಕಾದದ್ದು

ಬಿಸಿಲಿನ ತೊಂದರೆಯಲ್ಲಿ ಎರಡು ಹಂತ ಇವೆ. ಮೊದಲನೆಯದರಲ್ಲಿ ಬೆವರು ಸುರಿಯುತ್ತದೆ, ತಲೆ ಸುತ್ತುತ್ತದೆ, ತಲೆನೋವು, ವಾಕರಿಕೆ ಇರುತ್ತದೆ, ಮೀನಖಂಡ ಸೆಳೆಯುತ್ತದೆ, ವಿಪರೀತ ಸುಸ್ತಾಗುತ್ತದೆ. ಆದರೆ ಮಾತು ನೆಟ್ಟಗಿರುತ್ತದೆ. ಇಂಥವರನ್ನು ನೆರಳಿಗೆ ಕರೆತಂದು ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಹಾಕಿ. ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸಿ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣುತ್ತದೆ. ಕಾಣದಿದ್ದರೆ ಅಥವಾ ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎರಡನೆಯದೇ ಹೀಟ್ ಸ್ಟ್ರೋಕ್. ಇದರಲ್ಲಿ ಮೈ ಒಳಗಿನ ಬಿಸಿ 40 ಡಿಗ್ರಿ ದಾಟಿ ಮಿದುಳಿಗೆ ಪೆಟ್ಟು ಬೀಳಲು ಶುರುವಾಗಿರುತ್ತದೆ. ಗುರುತು ಹಿಡಿಯಬೇಕಾದದ್ದು ಮಾತಿನಿಂದ, ನಡೆಯಿಂದ. ಮಾತು ತೊದಲುವುದು, ಸಂಬಂಧವಿಲ್ಲದ್ದನ್ನು ಬಡಬಡಿಸುವುದು, ತೂರಾಡುವುದು, ಸುಮ್ಮಸುಮ್ಮನೆ ಸಿಟ್ಟಾಗುವುದು, ಫಿಟ್ಸ್ ಬರುವುದು, ಎಚ್ಚರ ತಪ್ಪುವುದು. ರಸ್ತೆ ಬದಿಯಲ್ಲಿ ಹೀಗೆ ಬಿದ್ದವರನ್ನು ನೋಡಿ "ಕುಡಿದಿದ್ದಾನೆ ಬಿಡು" ಅಂತ ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತಿರ ಹೋಗಿ ಮೈ ಮುಟ್ಟಿ ನೋಡಿ. ಇನ್ನೊಂದು ಮಾತು. "ಬೆವರು ನಿಂತಿದ್ದರೆ ಮಾತ್ರ ಹೀಟ್ ಸ್ಟ್ರೋಕ್" ಅಂತ ಹಲವರು ನಂಬಿದ್ದಾರೆ. ಮನೆಯಲ್ಲೇ ಇರುವ ವಯಸ್ಸಾದವರಲ್ಲಿ ಚರ್ಮ ಒಣಗಿರಬಹುದು. ಹೊಲದಲ್ಲಿ ದುಡಿಯುತ್ತಿರುವಾಗಲೇ ಬಿದ್ದ ಹುಡುಗನ ಮೈ ಬೆವರಿನಿಂದ ತೊಯ್ದಿರಬಹುದು. ಎರಡೂ ಹೀಟ್ ಸ್ಟ್ರೋಕೇ.

ಆಗ ಮಾಡಬೇಕಾದದ್ದು ಈ ಕ್ರಮದಲ್ಲಿ:

1. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಅದಕ್ಕಾಗಿ ಕಾಯದೆ ಕೆಲಸಕ್ಕಿಳಿಯಲಿ.
2. ನೆರಳಿಗೆ ತನ್ನಿ. ಮೇಲಿನ ಬಟ್ಟೆ, ಚಪ್ಪಲಿ, ಬೆಲ್ಟ್ ತೆಗೆಯಿರಿ.
3. ತಲೆಯಿಂದ ಕಾಲಿನ ತನಕ ನೀರು ಸುರಿಯಿರಿ. ಮೂಗು, ಬಾಯಿಗೆ ನುಗ್ಗದಂತೆ ನೋಡಿಕೊಳ್ಳಿ. ದೊಡ್ಡ ಟಬ್ ಇದ್ದು, ತಲೆ ಹಿಡಿದುಕೊಳ್ಳಲು ಜನ ಇದ್ದರೆ ಕುತ್ತಿಗೆ ತನಕ ತಣ್ಣೀರಿನಲ್ಲಿ ಕೂರಿಸುವುದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ.
4. ಫ್ಯಾನ್, ರಟ್ಟು, ಮೊರ, ಟವೆಲ್, ಏನು ಸಿಗುತ್ತದೋ ಅದರಿಂದ ಜೋರಾಗಿ ಗಾಳಿ ಬೀಸಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ.
5. ಎಚ್ಚರ ಸರಿಯಾಗಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಮಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ.

ಗಾಡಿ ಬಂದ ಮೇಲೂ ದಾರಿಯುದ್ದಕ್ಕೂ ಮೈ ಒದ್ದೆ ಮಾಡುತ್ತಲೇ ಇರಿ. ಮೊದಲ ಅರ್ಧ ಗಂಟೆಯಲ್ಲಿ ಬಿಸಿ ಇಳಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಒಣ ಮೈಯಲ್ಲೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರೆ ಆ ಅರ್ಧ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಯಾಕೆಂದರೆ ಇದು ಸೋಂಕಿನಿಂದ ಬಂದ ಜ್ವರ ಅಲ್ಲ. ಅಂಗೈ, ಅಂಗಾಲಿಗೆ ಉಳ್ಳಾಗಡ್ಡಿ ಉಜ್ಜುವುದರಲ್ಲಿ ಸಮಯ ಕಳೆಯಬೇಡಿ. ಆ ಕೈಯಿಂದಲೇ ಇನ್ನೊಂದು ಕೊಡ ನೀರು ಸುರಿಯಿರಿ.

ಇಲ್ಲೊಂದು ಮುನ್ನೆಚ್ಚರಿಕೆ ಬೇಕು. ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿ ನೋಡಿ. ಮಾಳಿಗೆ ಮೇಲಿನ ಸಿಂಟೆಕ್ಸ್‌ನಿಂದ ಬರುವ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ತುರ್ತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಬೆಳಿಗ್ಗೆಯೇ ಬಚ್ಚಲಲ್ಲಿ ಒಂದು ಡ್ರಮ್ ಅಥವಾ ನಾಲ್ಕು ಕೊಡ ನೀರು ತುಂಬಿಸಿ ಮುಚ್ಚಿಡಿ. ಸಂಜೆ ಅದೇ ನೀರನ್ನು ಸ್ನಾನಕ್ಕೋ ಗಿಡಕ್ಕೋ ಬಳಸಿದರಾಯಿತು.

ಎಚ್ಚರಿಕೆ ಬಂದಿಲ್ಲ ಅಂದರೆ ಅಪಾಯ ಇಲ್ಲ ಎಂದಲ್ಲ

ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಶಾಖದ ಅಲೆ ಘೋಷಿಸಲು ಒಂದು ಲೆಕ್ಕ ಇಟ್ಟುಕೊಂಡಿದೆ. ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಇರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ನಮ್ಮ ಕಡೆ ಮೇ ತಿಂಗಳ ವಾಡಿಕೆಯೇ 40ರ ಹತ್ತಿರ ಇರುತ್ತದೆ. ಹಾಗಾಗಿ 43 ಡಿಗ್ರಿ ಇದ್ದರೂ ಎಷ್ಟೋ ದಿನ ಆ ಪಟ್ಟಿಗೆ ಬರುವುದಿಲ್ಲ. ಮೈಗೆ ಮಾತ್ರ 43 ಅಂದರೆ 43. ಜೊತೆಗೆ ಇಲಾಖೆ ಅಳೆಯುವುದು ನೆರಳಿನಲ್ಲಿ, ಗಾಳಿ ಆಡುವ ಮರದ ಪೆಟ್ಟಿಗೆಯೊಳಗೆ. ಡಾಂಬರು ರಸ್ತೆ ಮೇಲೆ ನಿಂತವರಿಗೆ ತಟ್ಟುವ ಝಳ ಅದಕ್ಕಿಂತ ತುಂಬಾ ಹೆಚ್ಚು.

ಕರಾವಳಿಯ ಸೆಖೆಯ ಲೆಕ್ಕ ಬೇರೆ. ಮಂಗಳೂರಿನಲ್ಲಿ 34 ಡಿಗ್ರಿ ಅಂತ ಪೇಪರಿನಲ್ಲಿ ಬಂದರೂ ತೇವಾಂಶ ಶೇಕಡಾ 70 ಇದ್ದರೆ ಮೈಗೆ 45ರ ಆಸುಪಾಸಿನ ಅನುಭವ ಆಗುತ್ತದೆ, ಬೆವರು ಆರುವುದಿಲ್ಲ. ಅಲ್ಲಿಯವರಿಗೆ ಕೆಳಗಿನ ಕೂಲರ್, ಒದ್ದೆ ಪರದೆಯ ಉಪಾಯ ನಡೆಯುವುದಿಲ್ಲ. ಫ್ಯಾನ್ ಗಾಳಿ ಮತ್ತು ದಿನಕ್ಕೆ ಎರಡು ಮೂರು ಸ್ನಾನವೇ ಗತಿ.

ಮನೆ: ಬೆಳಿಗ್ಗೆ ಮುಚ್ಚಿ, ರಾತ್ರಿ ತೆಗೆಯಿರಿ

ದಿನವಿಡೀ ಕಿಟಕಿ ತೆರೆದಿಟ್ಟರೆ ಗಾಳಿ ಬರುತ್ತದೆ ಅನ್ನಿಸುತ್ತದೆ, ಅಲ್ವಾ? ಬರುವುದು ಬಿಸಿಗಾಳಿ. ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆ ಕಿಟಕಿ ಬಾಗಿಲು ಮುಚ್ಚಿ ಪರದೆ ಎಳೆಯಿರಿ. ರಾತ್ರಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ ಎದುರುಬದುರಿನ ಕಿಟಕಿ ಎಲ್ಲವನ್ನೂ ತೆಗೆಯಿರಿ. ಯಾವಾಗ ತೆಗೆಯಬೇಕು ಅಂತ ತಿಳಿಯಲು ಬಾಗಿಲಲ್ಲಿ ನಿಂತು ಕೈ ಹೊರಗೆ ಚಾಚಿದರೆ ಸಾಕು. ಹಳೆ ಮನೆಯಲ್ಲಿ ಬೆಳಕಿಂಡಿ ಇದ್ದರೆ ಅದನ್ನು ಖಂಡಿತ ಮುಚ್ಚಿಹಾಕಬೇಡಿ. ಮೇಲೇರಿದ ಬಿಸಿ ರಾತ್ರಿ ಹೊತ್ತು ಹೊರಗೆ ಹೋಗುವ ದಾರಿ ಅದು. ಹಗಲು ಮಾತ್ರ ಹಲಗೆ ಮುಚ್ಚಿಡಿ.

ಪರದೆ ಕಿಟಕಿಯ ಒಳಗಿದ್ದರೆ ಅರ್ಧ ಲಾಭ. ಬಿಸಿಲು ಗಾಜು ದಾಟಿ ಆಗಲೇ ಒಳಗೆ ಬಂದಿರುತ್ತದೆ. ನೆರಳು ಹೊರಗೆ ಬೀಳಬೇಕು. ಪಡುವಣ ಗೋಡೆಗೆ, ಕಿಟಕಿಗೆ ಹೊರಗಿನಿಂದ ಗೋಣಿ ತಟ್ಟು, ಹಸಿರು ನೆಟ್, ತೆಂಗಿನ ಗರಿಯ ತಡಿಕೆ ಯಾವುದನ್ನಾದರೂ ಕಟ್ಟಿ. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ಕಟ್ಟಿದರೆ ನಡುವೆ ಗಾಳಿ ಆಡುತ್ತದೆ.

ಆದರೆ ನಿಜವಾದ ಬಿಸಿ ಬರುವುದು ಮೇಲಿನಿಂದ. ಆರ್‌ಸಿಸಿ ಇರಲಿ, ನಮ್ಮ ಕಡೆಯ ಶಹಾಬಾದ್ ಕಲ್ಲು ಹೊದಿಸಿದ ಮಾಳಿಗೆ ಇರಲಿ, ಹಗಲೆಲ್ಲ ಬಿಸಿ ಹೀರಿ ರಾತ್ರಿ ಹನ್ನೆರಡರ ತನಕ ಕೆಳಗೆ ಬಿಡುತ್ತಲೇ ಇರುತ್ತದೆ. ಸಂಜೆ ಏಳಕ್ಕೆ ಮಂಚದ ಮೇಲೆ ನಿಂತು ಛಾವಣಿ ಮುಟ್ಟಿ ನೋಡಿ, ಆಗ ಗೊತ್ತಾಗುತ್ತದೆ. ಇದಕ್ಕೆ ಅಗ್ಗದ ಮದ್ದು ಬಿಳಿ ಬಣ್ಣ. 2010ರ ಭೀಕರ ಬಿಸಿಲಿನ ನಂತರ ಅಹಮದಾಬಾದ್ ನಗರ 2013ರಲ್ಲಿ ಶಾಖ ಎದುರಿಸುವ ಯೋಜನೆ ಮಾಡಿತು. ಮುಂದೆ ಅಲ್ಲಿ ಬಡವರ ಮನೆಗಳ ಮಾಳಿಗೆಗೆ ಸುಣ್ಣ ಬಳಿಯುವುದೂ ಅದರ ಭಾಗವಾಯಿತು. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿದೆ. ಬಿಳಿ ಮಾಳಿಗೆಯ ಕೆಳಗಿನ ಕೋಣೆ 2ರಿಂದ 5 ಡಿಗ್ರಿ ತನಕ ತಂಪಾಗಬಹುದು.

ಮಾಡುವ ವಿಧಾನ ಕಷ್ಟದ್ದಲ್ಲ. ಮಾಳಿಗೆಯನ್ನು ಗುಡಿಸಿ, ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಧೂಳಿದ್ದರೆ ಸುಣ್ಣ ಹಿಡಿಯುವುದಿಲ್ಲ. ಬಿರುಕು ಇದ್ದರೆ ಮೊದಲು ಸಿಮೆಂಟ್ ತುಂಬಿ. ಸುಣ್ಣವನ್ನು ಹಿಂದಿನ ದಿನವೇ ನೆನೆಸಿ, ಸೋಸಿ, ಬಣ್ಣದ ಅಂಗಡಿಯಲ್ಲಿ ಸಿಗುವ ಅಂಟು ಬೆರೆಸಿ. ಸಂಜೆ ಮಾಳಿಗೆ ತಣಿದ ಮೇಲೆ ಒಂದು ಕೋಟ್, ಅದು ಒಣಗಿದ ಮೇಲೆ ಅಡ್ಡಲಾಗಿ ಇನ್ನೊಂದು ಕೋಟ್ ಹೊಡೆಯಿರಿ. ಕಣ್ಣಿಗೆ ಸುಣ್ಣ ಸಿಡಿದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕಿಕೊಳ್ಳಿ. ದುಡ್ಡಿದ್ದರೆ ಬಿಸಿಲು ತಡೆಯುವ ಬಿಳಿ ಪೇಂಟ್ ಹಚ್ಚಿಸಿ, ಅದು ಕೆಲವು ವರ್ಷ ಬಾಳುತ್ತದೆ. ಸುಣ್ಣವನ್ನು ಪ್ರತಿ ವರ್ಷ ಮಾರ್ಚ್‌ನಲ್ಲಿ ಹೊಸದಾಗಿ ಬಳಿಯಬೇಕು.

ಪತ್ರಾಸಿನ ಮನೆಯವರ ಕಷ್ಟ ಎಲ್ಲರಿಗಿಂತ ಜಾಸ್ತಿ. ಪತ್ರಾಸಿಗೂ ಬಿಳಿ ಪೇಂಟ್ ನಡೆಯುತ್ತದೆ. ಮೇಲೆ ತೆಂಗಿನ ಗರಿ, ಜೋಳದ ಕಣಿಕೆ ಹಾಸುವವರಿದ್ದಾರೆ. ತಂಪೇನೋ ಆಗುತ್ತದೆ. ಆದರೆ ಒಂದು ಕಿಡಿ ಸಾಕು, ಮನೆಯೇ ಹೋಗುತ್ತದೆ. ಒಲೆಯ ಹೊಗೆ ಹೋಗುವ ಕಡೆ, ವಿದ್ಯುತ್ ತಂತಿ ಹಾಯುವ ಕಡೆ ಅದನ್ನು ಹಾಕಲೇಬೇಡಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಪತ್ರಾಸಿನ ಕೆಳಗೆ ಇರುವುದಕ್ಕಿಂತ ಬೇವಿನ ಮರದ ನೆರಳು, ಗುಡಿಯ ಕಲ್ಲಿನ ಮಂಟಪ, ಸಮುದಾಯ ಭವನ ಎಷ್ಟೋ ಮೇಲು. ಮಕ್ಕಳನ್ನೂ ಅಜ್ಜ ಅಜ್ಜಿಯನ್ನೂ ಅಲ್ಲಿಗೆ ಕರೆದೊಯ್ಯಿರಿ.

ಫ್ಯಾನ್ ಬಗ್ಗೆ ಒಂದು ಮಾತು. ಕೋಣೆಯೊಳಗೇ 40 ದಾಟಿದ್ದರೆ ಬರೀ ಫ್ಯಾನ್ ಬಿಸಿಗಾಳಿಯನ್ನು ಮೈಗೆ ಊದುತ್ತದೆ ಅಷ್ಟೇ. ಆಗ ಮೈ ಒದ್ದೆ ಇರಬೇಕು. ತೆಳು ಹತ್ತಿ ಪಂಚೆ ಅಥವಾ ಹಳೆ ಸೀರೆಯ ತುಂಡನ್ನು ನೆನೆಸಿ, ಹಿಂಡಿ, ಹೆಗಲ ಮೇಲೆ ಹೊದ್ದು ಫ್ಯಾನಿನ ಮುಂದೆ ಕುಳಿತು ನೋಡಿ. ನಮ್ಮ ಕಡೆಯ ಒಣ ಗಾಳಿಗೆ ಹತ್ತು ನಿಮಿಷದಲ್ಲಿ ಮೈ ತಣ್ಣಗಾಗುತ್ತದೆ. ಕರೆಂಟ್ ಹೋದಾಗಲೂ ಇದು ಬೀಸಣಿಗೆಯಿಂದ ನಡೆಯುತ್ತದೆ.

ಕೂಲರ್ ಇರುವವರಲ್ಲಿ ಹೆಚ್ಚಿನವರು ಅದನ್ನು ಕೋಣೆಯ ಮಧ್ಯದಲ್ಲಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಗಂಟೆಯೊಳಗೆ ಕೋಣೆ ಜಿಗಿಜಿಗಿ ಆಗುತ್ತದೆ. ಕೂಲರ್ ಕಿಟಕಿಯಲ್ಲಿರಬೇಕು, ಹೊರಗಿನ ಒಣ ಗಾಳಿ ಎಳೆಯಬೇಕು, ಎದುರಿನ ಬಾಗಿಲು ಸ್ವಲ್ಪ ತೆರೆದಿರಬೇಕು. ನೀರು ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಅರ್ಥಿಂಗ್ ಇಲ್ಲದ ತಗಡಿನ ಕೂಲರ್ ಮುಟ್ಟಿ ಶಾಕ್ ಹೊಡೆದು ಜೀವ ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಕೇಳುತ್ತೇವೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆಗೆ ಅಷ್ಟು ನೀರು ಧಾರಾಳ. ಎಸಿ ಇದ್ದರೆ 27ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ, ಸಾಕು.

ರಾತ್ರಿ ಮಾಳಿಗೆ ಮೇಲೆ ಮಲಗುವವರು ಸಂಜೆಯೇ ನಾಲ್ಕು ಕೊಡ ನೀರು ಚಿಮುಕಿಸಿದರೆ ಹಾಸಿಗೆ ಹಾಸುವ ಹೊತ್ತಿಗೆ ತಣ್ಣಗಿರುತ್ತದೆ. ನೀರಿನ ಅಭಾವ ಇರುವ ಊರಿನಲ್ಲಿ ಬಟ್ಟೆ ಒಗೆದ ನೀರು ಸಾಕು. ಗೋಡೆ ಇಲ್ಲದ ಮಾಳಿಗೆಯ ಅಂಚಿನಲ್ಲಿ ಮಕ್ಕಳನ್ನು ಮಲಗಿಸಬೇಡಿ.

ನೀರು, ಉಪ್ಪು, ಮಜ್ಜಿಗೆ

ಬಾಯಾರಿಕೆಗೆ ಕಾಯಬೇಡಿ. ಬಿಸಿಲಲ್ಲಿ ದುಡಿಯುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು. ಒಮ್ಮೆಲೇ ಎರಡು ಲೀಟರ್ ಸುರಿದುಕೊಳ್ಳುವುದು ಬೇಡ. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಗಂಟೆಗಟ್ಟಲೆ ಬೆವರು ಸುರಿಸಿ ಬರೀ ನೀರು ಕುಡಿಯುತ್ತಿದ್ದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಹಾಗಾಗಿ ನಡುವೆ ಉಪ್ಪಿರುವುದೇನಾದರೂ ಹೊಟ್ಟೆಗೆ ಹೋಗಲಿ. ಸಾಕಷ್ಟು ಕುಡಿಯುತ್ತಿದ್ದೀರಾ ಎಂದು ಮೂತ್ರವೇ ಹೇಳುತ್ತದೆ. ತಿಳಿ ಹಳದಿ ಇದ್ದರೆ ಸರಿ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೆಲಸ ನಿಲ್ಲಿಸಿ.

ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ನೋಡಿ ಕಲಸಿ. ಇಲ್ಲದಿದ್ದರೆ ಮನೆಯಲ್ಲೇ ಮಾಡಬಹುದು: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಆಗದಂತೆ ಬೆರಳಿನಿಂದ ಸಮ ಮಾಡಿ ಅಳೆಯಿರಿ. ಉಪ್ಪು ಜಾಸ್ತಿಯಾದರೆ, ಅದರಲ್ಲೂ ಮಕ್ಕಳಿಗೆ, ಒಳ್ಳೆಯದರ ಬದಲು ಕೆಡುಕಾಗುತ್ತದೆ. ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ.

ದಿನನಿತ್ಯಕ್ಕೆ ನನಗೆ ಜೋಳದ ಅಂಬಲಿಗಿಂತ ಒಳ್ಳೆಯದು ಕಾಣುವುದಿಲ್ಲ. ರಾತ್ರಿ ಎರಡು ಚಮಚ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಎರಡು ಲೋಟ ಕುದಿಯುವ ನೀರಿಗೆ ಹಾಕಿ ತಿರುವುತ್ತಾ ಬೇಯಿಸಿ. ತಣಿದ ಮೇಲೆ ಮುಚ್ಚಿಡಿ. ಬೆಳಿಗ್ಗೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಉಳ್ಳಾಗಡ್ಡಿ ಸೇರಿಸಿ ಕುಡಿದು ಹೊರಡಿ. ನೀರು, ಉಪ್ಪು, ಹೊಟ್ಟೆಗೆ ಆಧಾರ ಮೂರೂ ಒಂದೇ ಚೊಂಬಿನಲ್ಲಿ. ಪಾನಕ, ಎಳನೀರು, ಸೌತೆಕಾಯಿ, ಕಲ್ಲಂಗಡಿ ಎಲ್ಲವೂ ಒಳ್ಳೆಯವೇ. ರಸ್ತೆ ಬದಿ ಕತ್ತರಿಸಿಟ್ಟ ಹಣ್ಣು ಮತ್ತು ಕಬ್ಬಿನ ಹಾಲಿಗೆ ಹಾಕುವ ಐಸ್ ಬಗ್ಗೆ ಹುಷಾರು. ಈ ಬಿಸಿಲಿನಲ್ಲಿ ಭೇದಿ ಶುರುವಾದರೆ ಮೈಯ ನೀರು ಎರಡೂ ಕಡೆಯಿಂದ ಹೋಗುತ್ತದೆ. ಮದ್ಯವಂತೂ ಹಗಲಿನಲ್ಲಿ ಬೇಡವೇ ಬೇಡ.

ಹೊಲಕ್ಕೆ ಪ್ಲಾಸ್ಟಿಕ್ ಬಾಟಲಿ ಒಯ್ದರೆ ಹನ್ನೊಂದಕ್ಕೇ ನೀರು ಕುಡಿಯುವಂತಿರುವುದಿಲ್ಲ, ಹಾಗಾಗಿ ಜನ ಕುಡಿಯುವುದನ್ನೇ ಬಿಡುತ್ತಾರೆ. ಮಣ್ಣಿನ ತತ್ರಾಣಿ ಈಗಲೂ ಸಂತೆಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಬಾಟಲಿಗೆ ಒದ್ದೆ ಗೋಣಿ ಸುತ್ತಿ ನೆರಳಲ್ಲಿ ನೇತುಹಾಕಿ.

ಕೆಲಸ, ಮದುವೆ, ಪ್ರಯಾಣ

ಕಲ್ಯಾಣ ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳು ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುತ್ತವೆ. ನೆರಳಿನಲ್ಲಿ ಕೂತವರಿಗೇ ಇದು ಬೇಕೆಂದರೆ, ಗಾರೆ ಕೆಲಸದವರಿಗೆ, ಕಲ್ಲು ಗಣಿಯವರಿಗೆ ಎಷ್ಟು ಬೇಕು? ನಿಮ್ಮ ಮನೆ ಕಟ್ಟುವ ಕೆಲಸ ನಡೆಯುತ್ತಿದ್ದರೆ ಮೇಸ್ತ್ರಿ ಜೊತೆ ಮಾತಾಡಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದೂವರೆಗೆ ನಿಲ್ಲಿಸಿ, ಉಳಿದದ್ದು ಸಂಜೆ ನಾಲ್ಕರ ಮೇಲೆ ನಡೆಯಲಿ. ಕೂಲಿ ಕಡಿಯಬೇಡಿ. ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ನೀರು, ನೆರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇಡಬೇಕೆಂಬುದು ನಿಯಮ. ಇಲ್ಲದಿದ್ದರೆ ಪಂಚಾಯಿತಿಯಲ್ಲಿ ಕೇಳಿ.

ಹೊಸದಾಗಿ ಬಿಸಿಲಿಗೆ ಬಂದವರಿಗೆ ಮೊದಲ ವಾರವೇ ಹೆಚ್ಚು ಅಪಾಯ. ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನ ಐದರಲ್ಲೊಂದು ಭಾಗ ಕೆಲಸ, ದಿನಾ ಅಷ್ಟಷ್ಟೇ ಏರಿಸುತ್ತಾ ಹೋಗಿ. ಜ್ವರದಿಂದ ಎದ್ದು ಬಂದವರಿಗೂ ಇದೇ ಲೆಕ್ಕ. ಒಬ್ಬೊಬ್ಬರೇ ಕೆಲಸ ಮಾಡಬೇಡಿ. ಜೊತೆಗಾರನ ಮಾತು ತೊದಲಿದ್ದು ಅವನಿಗೆ ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ.

ಬೆಂಗಳೂರಿನಿಂದ ಮೇ ತಿಂಗಳ ಮದುವೆಗೆ ಬರುವವರೂ ಹೊಸಬರೇ. ಮಧ್ಯಾಹ್ನದ ಮುಹೂರ್ತ, ತಗ್ಗಿನ ಶಾಮಿಯಾನ, ಪಕ್ಕದಲ್ಲೇ ಅಡುಗೆ ಭಟ್ಟಿ, ರೇಷ್ಮೆ ಸೀರೆ. ಮದುವೆ ಮನೆಯವರು ಶಾಮಿಯಾನದ ಬದಿಗಳನ್ನು ತೆರೆದಿಡಲಿ, ನೀರು ಮಜ್ಜಿಗೆ ಕೂತಲ್ಲಿಗೇ ಬರಲಿ. ಅಡುಗೆಯವರನ್ನು ಸರದಿಯಲ್ಲಿ ಒಲೆಯಿಂದ ಎಬ್ಬಿಸಿ. ಅವರ ಮೇಲೆ ಬಿಸಿಲು, ಬೆಂಕಿ ಎರಡೂ ಇರುತ್ತವೆ.

ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಐದು ನಿಮಿಷಕ್ಕೂ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗೆ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಒಂದಿಂಚು ಇಳಿಸಿದರೆ ಏನೂ ಪ್ರಯೋಜನವಿಲ್ಲ.

ಅಜ್ಜಿ, ಕೂಸು, ಔಷಧಿ

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆಯಾಗುತ್ತದೆ. ಅದರ ಮೇಲೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರಕ್ಕೆ ಏಳಬೇಕಾಗುತ್ತದೆ ಎಂದು ಅಜ್ಜಿ ನೀರು ಕುಡಿಯುವುದಿಲ್ಲ. ಮೊಣಕಾಲು ನೋವು, ಬಚ್ಚಲು ದೂರ, ಸೊಸೆಯನ್ನು ಕರೆಯಲು ಸಂಕೋಚ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಹೆಣ್ಣುಮಕ್ಕಳೂ ಶೌಚಾಲಯ ಇಲ್ಲವೆಂದೇ ದಿನವಿಡೀ ನೀರು ಕುಡಿಯುವುದನ್ನೇ ಬಿಡುತ್ತಾರೆ. "ನೀರು ಕುಡೀರಿ" ಅಂತ ಸುಮ್ನೆ ಹೇಳಿದರೆ ಪ್ರಯೋಜನವಿಲ್ಲ. ಅಜ್ಜಿಯ ಮಂಚವನ್ನು ಬಚ್ಚಲ ಹತ್ತಿರದ ಕೋಣೆಗೆ ಹಾಕಿ, ಇಲ್ಲವೇ ಕಮೋಡ್ ಕುರ್ಚಿ ತನ್ನಿ. ಕೆಲಸದ ಜಾಗದಲ್ಲಿ ನಾಲ್ಕು ಕಡೆ ತಟ್ಟು ಕಟ್ಟಿ ಮರೆ ಮಾಡಿಸಿ. ನೀರು ತಾನಾಗಿಯೇ ಹೊಟ್ಟೆಗೆ ಹೋಗುತ್ತದೆ. ಒಬ್ಬರೇ ಇರುವ ಹಿರಿಯರಿಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತು ಫೋನ್ ಮಾಡಿ. ಮಾತಿನ ವರಸೆ ಬದಲಾಗಿದ್ದರೆ ಕೂಡಲೇ ಯಾರನ್ನಾದರೂ ಕಳಿಸಿ.

ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಧಗೆ ಇದ್ದರೂ ನೀರು ಕುಡಿಸಬಾರದು. ಎದೆಹಾಲೇ ಸಾಕು, ಹೆಚ್ಚು ಸಲ ಕುಡಿಸಿ. ಬಾಣಂತಿಗೆ ನೀರು ಕಡಿಮೆ ಕೊಡುವ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಲಾವಿ ಹಾಕಿ ಕೂರಿಸುವ ಪದ್ಧತಿಯನ್ನು ಈ ತಿಂಗಳುಗಳಲ್ಲಿ ದಯವಿಟ್ಟು ಬಿಡಿ. ತಾಯಿಗೆ ನೀರು ಬೇಕು, ಕೂಸಿಗೆ ಗಾಳಿ ಬೇಕು.

ಬಿಪಿಗೆ, ಹೃದಯಕ್ಕೆ ಕೊಡುವ ನೀರಿಳಿಸುವ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆ, ಅಲರ್ಜಿ ಮಾತ್ರೆ ಇವು ಬೆವರುವುದನ್ನೋ ಮೈಯ ನೀರನ್ನೋ ಕಡಿಮೆ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಮಾರ್ಚ್‌ನಲ್ಲೇ ಡಾಕ್ಟರನ್ನು ಕಂಡು ಬೇಸಿಗೆಗೆ ಡೋಸ್ ಬದಲಿಸಬೇಕೇ ಎಂದು ಕೇಳಿ. ಮೂತ್ರಪಿಂಡ, ಹೃದಯದ ತೊಂದರೆ ಇರುವವರು ದಿನಕ್ಕೆ ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನೂ ಅವರಿಂದಲೇ ತಿಳಿದುಕೊಳ್ಳಿ. ಫ್ರಿಜ್ ಇಲ್ಲದವರು ಇನ್ಸುಲಿನ್ ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ಸಣ್ಣ ಮಡಕೆಯೊಳಗಿಟ್ಟು, ಆ ಮಡಕೆಯನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯಲ್ಲಿ ಇಡಿ. ಒದ್ದೆ ಬಟ್ಟೆ ಮುಚ್ಚಿ ಗಾಳಿಯಾಡುವ ನೆರಳಲ್ಲಿಡಿ. ಮರಳಿಗೆ ದಿನಕ್ಕೆ ಎರಡು ಸಲ ನೀರು ಹಾಕಿ.

ಹೀಟ್ ಸ್ಟ್ರೋಕ್ ಆಗಿ ಗುಣವಾಗಿ ಬಂದವರನ್ನು ಮರುದಿನವೇ ಹೊಲಕ್ಕೆ ಕಳಿಸಬೇಡಿ. ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಕೆಲವು ದಿನ ಬಿಟ್ಟು ಕಾಣಬಹುದು. ಡಾಕ್ಟರು ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಮೂತ್ರ ಕಡಿಮೆಯಾದರೆ ಅಥವಾ ಬಣ್ಣ ಕಪ್ಪಾದರೆ ಆ ದಿನಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ. ಬಿಸಿಲಿನ ಕೆಲಸಕ್ಕೆ ಮತ್ತೆ ಇಳಿಯುವಾಗ ಹೊಸಬರ ಹಾಗೆ ಐದರಲ್ಲೊಂದು ಭಾಗದಿಂದಲೇ ಶುರು ಮಾಡಲಿ.